ಟೌನ್ ಗಡಿಯಾಚೆಯ ಗಣಪತಿ

ನನ್ನ ಓರಗಿತ್ತಿಯ ಮನೆ ಗಣಪತಿ ವಿಸರ್ಜನೆಗೆ ಹೊರಟಾಗ ಟೌನಿನ ಪೊಲೀಸ್ ಚೀಫೇ ರಸ್ತೆಗಿಳಿದು, ಕೈ ಅಡ್ಡ ಹಿಡಿದು ಕಾರುಗಳನ್ನು ನಿಲ್ಲಿಸಿದ್ದರು. ಅಮೆರಿಕದ ಷಾರ್ಲೆಟ್ ಪಕ್ಕದ ನಮ್ಮ ಪುಟ್ಟ ಊರಿನಲ್ಲಿ ಅಂಥದ್ದನ್ನು ಯಾರೂ ನೋಡಿರಲಿಲ್ಲ. ಮೈಸೂರಿನಲ್ಲಿದ್ದ ಅತ್ತೆ ಆ ವಿಡಿಯೋವನ್ನು ಕಂಡಕಂಡವರಿಗೆಲ್ಲ ತೋರಿಸಿದರು. ನನಗೆ ಹೊಟ್ಟೆಯಲ್ಲಿ ಮೆಣಸಿನಕಾಯಿ ಅರೆದ ಹಾಗಾಯಿತು.

ಮರುವರ್ಷ ಅತ್ತೆಯೇ ಬಂದರು. ಆ ಸಲ ಗಣಪತಿ ಇಡುವ ಸರದಿ ನಮ್ಮದು. ದೊಡ್ಡ ಸೊಸೆಗೆ ಸಿಗುತ್ತಿದ್ದ ಹೊಗಳಿಕೆ ಒಂದೇ ಒಂದು ಸಲ ನನಗೆ ಸಿಗಬೇಕಿತ್ತು. ಅವಳಿಗೆ ಹೇಳದೆ, ಡಬ್ಬಿ ತುಂಬ ರವೆ ಉಂಡೆ ಹಿಡಿದು, ನಮ್ಮ ಮೆರವಣಿಗೆಗೂ ರಸ್ತೆ ಮುಚ್ಚಿಸಿ ಎಂದು ಕೇಳಲು ನಾನೇ ಚೀಫ್ ಆಫೀಸಿಗೆ ಹೋದೆ. ನಮ್ಮ ಕಡೆ ಇನ್‌ಸ್ಪೆಕ್ಟರ್ ಮನಸ್ಸು ಮಾಡಿದರೆ ಆಗದ್ದು ಯಾವುದಿದೆ?

ಚೀಫ್ ಉಂಡೆ ಮುಟ್ಟಲಿಲ್ಲ. ಉಡುಗೊರೆ ತೆಗೆದುಕೊಳ್ಳುವಂತಿಲ್ಲವಂತೆ. ನನ್ನ ಅಡ್ರೆಸ್ ಕೇಳಿ ಗೋಡೆಯ ಮ್ಯಾಪಿನ ಮೇಲೆ ಬೆರಳಿಟ್ಟರು. ಟೌನಿನ ಗೆರೆ ನಮ್ಮ ಮನೆಗಿಂತ ಮೊದಲೇ ಮುಗಿದಿತ್ತು. ಟೌನಿನ ಬೀದಿಯಲ್ಲಿ ಮೆರವಣಿಗೆಗೆ ಪರ್ಮಿಟ್ ಕೊಡುವುದು, ಅಡ್ಡರಸ್ತೆ ಮುಚ್ಚಿಸುವುದು, ಡೋಲು ಎಷ್ಟು ಹೊತ್ತಿನ ತನಕ ಬಾರಿಸಬಹುದು ಎಂದು ಹೇಳುವುದು ಅವರ ಅಧಿಕಾರ. ಗೆರೆ ದಾಟಿದರೆ ರಸ್ತೆ ರಾಜ್ಯದ್ದು, ಬಂದೋಬಸ್ತು ಕೌಂಟಿ ಶೆರಿಫರದು, ಅಂದರೆ ನಮ್ಮ ಜಿಲ್ಲಾ ಪೊಲೀಸ್ ಇದ್ದ ಹಾಗೆ. "ಅಲ್ಲಿ ರಸ್ತೆ ಮುಚ್ಚೋಕೆ ನನಗೆ ಹಕ್ಕಿಲ್ಲ ಮೇಡಂ" ಎಂದರು, ಬಹಳ ಮರ್ಯಾದೆಯಿಂದ. ಶೆರಿಫ್ ಆಫೀಸಿನಲ್ಲಿ ಕೇಳಿದರೆ, ಇನ್ನೂ ಮೊದಲೇ ಬರಬೇಕಿತ್ತು ಎಂದರು. ದೇವರು ವರ ಕೊಟ್ಟರೂ ಪೂಜಾರಿ ಕೊಡ ಅಂತಾರಲ್ಲ, ನನ್ನ ಪಾಲಿಗೆ ಪೂಜಾರಿಗಳೇ ಇಬ್ಬರು. ಟೌನ್ ಟ್ಯಾಕ್ಸ್ ಇಲ್ಲ ಅಂತ ಆ ಮನೆ ಕೊಳ್ಳುವಾಗ ಜಂಬ ಕೊಚ್ಚಿದವಳೂ ನಾನೇ.

ಸುದ್ದಿ ಓರಗಿತ್ತಿಗೆ ಮುಟ್ಟಿತು. "ಅಷ್ಟಕ್ಕೆಲ್ಲ ಯಾಕೆ ತಲೆ ಕೆಡಿಸ್ಕೊಳ್ತೀಯ? ನಮ್ಮನೆಯಿಂದ್ಲೇ ಹೊರಡ್ಲಿ ಬಿಡು. ಟೌನಲ್ಲಿ ಪರ್ಮಿಟ್ ಬೇಗ ಸಿಗತ್ತೆ, ನಾನೇ ಅಪ್ಲೈ ಮಾಡ್ತೀನಿ" ಎಂದಳು. ಬೇಡ ಎಂದು ಮುಖಕ್ಕೆ ಹೊಡೆದಂತೆ ಹೇಳಬೇಕೆನಿಸಿತು. ಆದರೆ ಅತ್ತೆ ಆಗಲೇ ಮೆರವಣಿಗೆಗೆ ಉಡುವ ಸೀರೆ ತೆಗೆದಿಟ್ಟಿದ್ದರು. "ಆಗಲಿ ಅಕ್ಕ" ಎಂದೆ.

ನಾನು ಪೂಜಿಸಿದ ಗಣಪತಿ ಕಾರಿನಲ್ಲಿ ಅವಳ ಮನೆಗೆ ಹೋಗಿ, ಅಲ್ಲಿಂದ ಡೋಲಿನೊಂದಿಗೆ ಹೊರಟಿತು. ಸಿಗ್ನಲ್ ಹತ್ತಿರ ನಿಂತಿದ್ದ ಚೀಫ್, "ಈ ಸಲವೂ ನಿಮ್ಮ ಗಣಪತಿ ತುಂಬ ಚೆನ್ನಾಗಿದೆ" ಎಂದು ಅವಳಿಗೆ ಹೇಳಿದರು. ಅವಳು ತಕ್ಷಣ ನನ್ನ ಭುಜ ಹಿಡಿದು ಮುಂದಕ್ಕೆ ತಂದಳು. ಮೊದಲು ಇಂಗ್ಲಿಷಿನಲ್ಲಿ, ಆಮೇಲೆ ಅತ್ತೆಗೂ ತಿಳಿಯಲೆಂದು ಕನ್ನಡದಲ್ಲಿ, "ಇದು ನಮ್ದಲ್ಲ, ನನ್ನ ತಂಗೀದು. ಎಲ್ಲಾ ಅವಳೇ ಮಾಡಿದ್ದು" ಎಂದಳು.

ಅತ್ತೆಯ ಕಣ್ಣು ತುಂಬಿ ಬಂತು. ಹತ್ತಿರ ಬಂದು, "ಎಂಥ ದೊಡ್ಡ ಮನಸ್ಸಮ್ಮ ನಿಂದು!" ಎಂದು ಅವಳ ಕೆನ್ನೆ ಸವರಿದರು.