ಸೀಟಿನಡಿಯ ಮೂರನೆಯ ಪ್ಲಗ್

ಅಣ್ಣನ ವ್ಯಾನಿಗೆ ಮೂತಿ ಇರಲಿಲ್ಲ. ಎಂಜಿನ್ ಇದ್ದದ್ದು ಮುಂದಿನ ಸೀಟುಗಳ ಕೆಳಗೆ. ಅದನ್ನು ನೋಡಬೇಕೆಂದರೆ ಕೂತವರನ್ನು ಎಬ್ಬಿಸಿ, ಸೀಟನ್ನು ಹಿಂದಕ್ಕೆ ಮಗುಚಿ, ತಗಡಿನ ಮುಚ್ಚಳ ತೆಗೆಯಬೇಕು. ಕೂತವರಿಗೆ ಗೊತ್ತಾಗದಂತೆ ರಿಪೇರಿ ಮಾಡುವ ಉಪಾಯವೇ ಆ ಗಾಡಿಯಲ್ಲಿ ಇರಲಿಲ್ಲ.

ಎರಡು ಸಾವಿರದ ಈಚಿನ ಮೊದಲ ವರ್ಷಗಳವು. ನಮ್ಮ ಮನೆ ಹೊನ್ನಾವರದ ಸೇತುವೆಯ ಈಚೆಗೆ, ಕಾಸರಕೋಡಿನಲ್ಲಿ. ಅಪ್ಪ ಬೇರೆಯವರ ಬೋಟಿನಲ್ಲಿ ಕೆಲಸಕ್ಕಿದ್ದ. ಅಮ್ಮ ಕುಮಟೆಯ ಮಾರ್ಕೆಟ್ಟಿನಲ್ಲಿ ಮೀನು ಮಾರುತ್ತಿದ್ದಳು. ಹಳೆಯ ವ್ಯಾನು ಕೊಂಡಿದ್ದ ಅಣ್ಣ ದಿನಾ ಬೆಳಿಗ್ಗೆ ಅಮ್ಮನನ್ನೂ ಬುಟ್ಟಿಗಳನ್ನೂ ಅಲ್ಲಿಗೆ ಮುಟ್ಟಿಸುತ್ತಿದ್ದ. ನನಗೂ ಕುಮಟೆಯಲ್ಲೇ, ಒಂದು ಪತ್ರಿಕೆಯ ಕಚೇರಿಯಲ್ಲಿ ಸುದ್ದಿ ತಿದ್ದುವ ಕೆಲಸ. ಆದರೆ ನಾನು ಬಸ್ಸಿಗೆ ಹೋಗುತ್ತಿದ್ದೆ. ‘ಅಂಗಿಗೆ ವಾಸ್ನೆ ಹಿಡೀತದೆ’ ಎಂದು ಹೇಳಿ ಹಾಗೆ ಏರ್ಪಾಡು ಮಾಡಿದವಳು ಅಮ್ಮನೇ.

ಮಳೆಗಾಲ ಬಂದು ಬೋಟುಗಳು ದಡಕ್ಕೆ ಬಿದ್ದರೆ ವ್ಯಾನೂ ಅಂಗಳದಲ್ಲಿ ಬೀಳುತ್ತಿತ್ತು. ಅಣ್ಣನಿಗೆ ವರ್ಷವಿಡೀ ಓಡುವ ಬಾಡಿಗೆ ಬೇಕಿತ್ತು. ಹೊನ್ನಾವರದ ಒಂದು ಶಾಲೆಗೆ ಹಳದೀಪುರದಿಂದ ಮಕ್ಕಳನ್ನು ಕರೆತರಲು ಗಾಡಿ ಹುಡುಕುತ್ತಿದ್ದಾರೆಂದು ನನಗೆ ಗೊತ್ತಾಯಿತು. ಶಾಲೆಯ ದೊಡ್ಡ ಅಕ್ಕೋರು, ಅಂದರೆ ಮುಖ್ಯೋಪಾಧ್ಯಾಯಿನಿ, ತಮ್ಮ ವಾರ್ಷಿಕೋತ್ಸವದ ವರದಿ ಕೊಡಲು ನಮ್ಮ ಕಚೇರಿಗೆ ಬರುತ್ತಿದ್ದರು. ಅವರಿಗೆ ಹೇಳಿದೆ. ‘ಮಕ್ಕಳ ವಿಷಯ, ನಾನೇ ಒಮ್ಮೆ ಕೂತು ನೋಡುತ್ತೇನೆ’ ಎಂದರು. ಶಾಲೆ ಬಾಗಿಲು ತೆರೆಯುವ ಮುಂಚಿನ ವಾರ ಒಂದು ದಿನ ನಿಗದಿಯಾಯಿತು. ಹಳದೀಪುರಕ್ಕೆ ಹೋಗಿ ಬರುವುದು, ಅಷ್ಟೇ ಪರೀಕ್ಷೆ.

ಹೆಂಗಸರೊಬ್ಬರು ಜೊತೆಗಿರಲಿ ಎಂದು ಅಣ್ಣ ಅಮ್ಮನನ್ನೂ ಹೊರಡಿಸಿದ. ಅಮ್ಮ ಮದುವೆಗೆ ಉಡುವ ಸೀರೆ ಉಟ್ಟಿದ್ದಳು. ವ್ಯಾನಿನೊಳಗೆ ಊದುಬತ್ತಿ ಹಚ್ಚಿ ಆರಿಸಿದ್ದಳು, ಕನ್ನಡಿಗೆ ಅಬ್ಬಲಿಗೆ ಹೂವು ಸುತ್ತಿದ್ದಳು, ಫಿನಾಯಿಲ್ ಒರೆಸಿದ್ದಳು. ಇಷ್ಟು ನಮಗೆ ಗೊತ್ತಿತ್ತು.

ಅಕ್ಕೋರು ಮುಂದಿನ ಸೀಟಿನಲ್ಲಿ ಕೂತರು. ನಾನು, ಅಮ್ಮ ಹಿಂದೆ. ಅವರು ಕೂತ ಕೂಡಲೇ ಗಾಜು ಇಳಿಸಿದರು. ಸ್ವಲ್ಪ ಮುಂದೆ ಹೋದ ಮೇಲೆ ಪೂರ್ತಿ ಇಳಿಸಿದರು. ಫಿನಾಯಿಲ್, ಊದುಬತ್ತಿ, ಅಬ್ಬಲಿಗೆ, ಇವುಗಳ ಅಡಿಯಲ್ಲಿ ಬಂಗಡೆ ತನ್ನ ಪಾಡಿಗೆ ತಾನು ಇತ್ತು.

ಕರ್ಕಿಯ ಹತ್ತಿರ ಒಂದು ಹಂಪು ಹಾರಿದ್ದೇ ಎಂಜಿನ್ ಕೆಮ್ಮಿತು. ನಾಲ್ಕು ಸಲ ಜಗ್ಗಾಡಿ ರಸ್ತೆಯ ಬದಿಗೆ ನಿಂತೇಬಿಟ್ಟಿತು. ಅಣ್ಣ ಎರಡು ಸಲ ಚಾವಿ ತಿರುಗಿಸಿ, ಆಮೇಲೆ ಅಕ್ಕೋರ ಕಡೆ ನೋಡದೆ ಹೇಳಿದ:

‘ಅಕ್ಕೋರೇ, ಒಂಚೂರು ಇಳೀಬೇಕಾಗ್ತದೆ. ಎಂಜಿನ್ ನಿಮ್ಮ ಸೀಟಿನಡಿಗೇ ಇರೂದು.’

ಅವರು ಕೊಡೆ ಬಿಚ್ಚಿಕೊಂಡು ಇಳಿದರು. ಅಣ್ಣ ಸೀಟು ಮಗುಚಿ ಮುಚ್ಚಳ ತೆಗೆದ. ಎಂಜಿನ್ನಿನ ಸುತ್ತ ನೀರು ನಿಂತಿತ್ತು. ನೀರಿನ ಮೇಲೆ, ತಂತಿಗಳ ಮೇಲೆ, ಕೊಳವೆಗಳ ಸಂದಿಯಲ್ಲಿ ಮೀನಿನ ಪೊರೆ. ಎಷ್ಟೋ ದಿನಗಳ ಪೊರೆ ಒಣಗಿ ಅಂಟಿದ್ದದ್ದು ಈಗ ನೆನೆದು, ಎದ್ದು, ಬಿಸಿಲಿಗೆ ಹೊಳೆಯುತ್ತಿತ್ತು. ಒಂದು ಒಣಸೀಗಡಿಯೂ ತೇಲುತ್ತಿತ್ತು. ಅಕ್ಕೋರು ಕೊಡೆಯನ್ನು ಇನ್ನೊಂದು ಭುಜಕ್ಕೆ ಬದಲಿಸಿ ರಸ್ತೆಯ ಆಚೆಗಿನ ತೆಂಗಿನ ತೋಟ ನೋಡತೊಡಗಿದರು. ಅವರು ಮೂಗು ಮುಚ್ಚಿಕೊಂಡಿದ್ದರೆ ನನಗೆ ಇಷ್ಟು ಕಷ್ಟವಾಗುತ್ತಿರಲಿಲ್ಲ.

‘ಇಷ್ಟು ನೀರು ಎಲ್ಲಿಂದ ಬಂತಾ ಮಾರಾಯ?’ ಅಣ್ಣ ನನ್ನನ್ನು ಕೇಳಿದ.

ಉತ್ತರ ಕೊಟ್ಟವಳು ಅಮ್ಮ. ‘ನಾನೇ ತೊಳ್ದದ್ದು. ಬೆಳಿಗ್ಗೆ ನೀ ಏಳೂದ್ರೊಳಗೆ. ನಾಕು ಕೊಡ ನೀರು ಹೊಯ್ದೆ.’

‘ಒಳಗೆ?’

‘ಮತ್ತೆ? ದೋಣಿ ಹೊರಗಿಂದ ತೊಳೀತ್ರಾ?’

ನಮ್ಮಲ್ಲಿ ದೋಣಿ ತೊಳೆಯುವುದು ಹಾಗೆಯೇ. ಒಳಗೆ ನೀರು ಎರಚಿ, ತೆಂಗಿನ ಕಡ್ಡಿಯ ಬರಲಿನಿಂದ ಉಜ್ಜಿ, ಮತ್ತೆ ಎರಚಿ, ಕೊನೆಗೆ ಮೊಗೆದು ಚೆಲ್ಲುವುದು. ಅಮ್ಮ ವ್ಯಾನನ್ನೂ ಹಾಗೆಯೇ ತೊಳೆದಿದ್ದಳು. ಮೊಗೆಯಲು ಸಿಕ್ಕಿದ್ದನ್ನು ಮೊಗೆದಿದ್ದಳು. ಉಳಿದದ್ದು ಸೀಟಿನ ಅಡಿಗೆ ಇಳಿದು, ಹಂಪು ಹಾರಿದಾಗ ಪ್ಲಗ್ಗುಗಳ ಮೇಲೆ ಉಕ್ಕಿತ್ತು. ಬೆಂಕಿಯ ಕಿಡಿ ಹಾರಬೇಕಾದ ಜಾಗದಲ್ಲಿ ನೀರು.

‘ಎಂಜಿನ್‌ಗೆ ಎಣ್ಣೆಸ್ನಾನ ಒಂದು ಮಾಡಿಸ್ಲಿಲ್ಲ ನೀನು’ ಎಂದ ಅಣ್ಣ. ನಗಿಸಲು ಹೇಳಿದ್ದು. ಯಾರೂ ನಗಲಿಲ್ಲ.

ಅಣ್ಣನ ಡಬ್ಬದಲ್ಲಿ ಮೂರು ಹೊಸ ಪ್ಲಗ್ಗುಗಳಿದ್ದವು. ಶಾಲೆಯ ಬಾಡಿಗೆಗೆಂದೇ ತಂದಿಟ್ಟಿದ್ದ. ಹಾಕುವುದನ್ನು ಮುಂದೂಡುತ್ತ ಬಂದಿದ್ದಕ್ಕೆ ಕಾರಣ ಮೂರನೆಯ ಪ್ಲಗ್. ಮೊದಲೆರಡು ಕಣ್ಣಿಗೆ ಕಾಣುತ್ತಿದ್ದವು, ಪಾನಾ ಹಾಕಿ ತಿರುಗಿಸಿದೊಡನೆ ಬಂದವು. ಮೂರನೆಯದು ಹಿಂದಕ್ಕೆ, ತಗಡಿನ ಗೋಡೆಯ ಸಂದಿಯಲ್ಲಿ. ಹಳೆಯದನ್ನು ಉದ್ದ ಪಾನಾದಿಂದ ಹೇಗೋ ಬಿಚ್ಚಿದ. ಹೊಸದನ್ನು ಮಾತ್ರ ಮೊದಲ ಕೆಲವು ಸುತ್ತು ಬರಿಗೈಯಲ್ಲೇ ಕೂರಿಸಬೇಕು. ಪಾನಾದಿಂದ ಓರೆಯಾಗಿ ತುರುಕಿದರೆ ಎಂಜಿನ್ನಿನ ಥ್ರೆಡ್ಡೇ ಹೋಗುತ್ತದೆ. ಅಣ್ಣನದು ಬಲೆ ಎಳೆದು ಬೆಳೆದ ಕೈ. ಮಣಿಕಟ್ಟಿನವರೆಗೂ ಹೋಗಲಿಲ್ಲ. ಬೆರಳಿನ ಗೆಣ್ಣು ಸುಲಿದು ರಕ್ತ ಬಂತು. ನಾನು ಕೈ ಹಾಕಿದೆ. ಪ್ಲಗ್ ಎರಡು ಸಲ ಕೆಳಗೆ ಬಿತ್ತು. ಹೆಕ್ಕಲು ಮಣ್ಣಿನಲ್ಲಿ ಮಲಗಬೇಕಾಯಿತು. ಅಕ್ಕೋರು ಗಡಿಯಾರ ನೋಡಿದರು.

‘ಆಚೆಗೆ ಸರಿ’ ಎಂದಳು ಅಮ್ಮ.

ಬಳೆಗಳನ್ನು ಮೊಣಕೈವರೆಗೆ ಏರಿಸಿ, ಜಾರದಂತೆ ನನ್ನ ಕರ್ಚೀಫು ಕಟ್ಟಿಸಿಕೊಂಡಳು. ಸೀಗಡಿ ಸುಲಿಯುವ ಕೈ ಅದು, ಸಣ್ಣದು. ಸಂದಿಯಲ್ಲಿ ಮೊಣಕೈವರೆಗೆ ಇಳಿಯಿತು. ಎಂಜಿನ್ ಇನ್ನೂ ಬಿಸಿಯಿತ್ತು.

‘ತೂತು ಸಿಕ್ತಾ?’

‘ಸಿಕ್ತು.’

‘ಬಲಕ್ಕೆ ತಿರುಗ್ಸು. ಒತ್ಬೇಡ. ಬಿಗಿ ಅನಿಸ್ತಾ?’

‘ಇಲ್ಲ. ಬಾಟ್ಲಿ ಮುಚ್ಚಳದಾಂಗೆ ಹೋತದೆ.’

‘ಹಾಂ, ಹಾಂಗೇ ಹೋಗ್ಲಿ.’

ಕೈ ತೆಗೆದಾಗ ಮಣಿಕಟ್ಟಿನ ಹತ್ತಿರ ಕೆಂಪು ಬರೆ ಬಿದ್ದಿತ್ತು. ಸೆರಗಿನ ಅಂಚಿಗೆ ಗ್ರೀಸ್. ಅಣ್ಣ ಪಾನಾದಿಂದ ಬಿಗಿ ಮಾಡಿ, ನೀರು ಒರೆಸಿ, ತಂತಿ ಸಿಕ್ಕಿಸಿದ. ಮೂರನೆಯ ಸಲಕ್ಕೆ ಎಂಜಿನ್ ಹಿಡಿಯಿತು, ಸ್ವಚ್ಛವಾಗಿ ಓಡಿತು.

ಹಳದೀಪುರ ಮುಟ್ಟಿ ತಿರುಗಿ ಬಂದೆವು. ಶಾಲೆಯ ಗೇಟಿನಲ್ಲಿ ಇಳಿದು ಅಕ್ಕೋರು ಅಣ್ಣನಿಗೆ ಹೇಳಿದರು. ದನಿ ಮೆತ್ತಗಿತ್ತು.

‘ನೀವು ಗಾಡಿ ಜಾಗ್ರತೆಯಿಂದ ಓಡಿಸ್ತೀರಿ. ನನಗೆ ಅದು ಮುಖ್ಯ. ಆದರೆ ಮೀನಿನ ಬುಟ್ಟಿ ಇನ್ನು ಇದರಲ್ಲಿ ಬರಬಾರದು. ಒಂದು ದಿನವೂ. ಪಾಲಕರು ಕೇಳ್ತಾರೆ.’

‘ಇಲ್ಲ ಅಕ್ಕೋರೇ. ಇವತ್ತಿಂದ ಇಲ್ಲ’ ಎಂದ ಅಣ್ಣ.

ವ್ಯಾನಿನೊಳಗಿಂದ ಅಮ್ಮ ಹೇಳಿದಳು: ‘ನಾನೂ ಹತ್ತೂದಿಲ್ಲ ಅಕ್ಕೋರೇ. ಬುಟ್ಟಿ ಬಿಟ್ಟು ಬಂದ್ರೂ ವಾಸ್ನೆ ನನ್ನ ಸಂಗ್ತಿಗೇ ಬತ್ತದಲ್ಲ.’

ಛೆ, ಹಾಗಲ್ಲ ಎಂದು ಯಾರಾದರೂ ಹೇಳುವಷ್ಟು ಹೊತ್ತು ಅಲ್ಲಿತ್ತು. ಅಕ್ಕೋರು ಕೊಡೆ ಮಡಚುತ್ತಿದ್ದರು. ಅಣ್ಣ ಸ್ಟಿಯರಿಂಗ್ ನೋಡುತ್ತಿದ್ದ.

‘ಆತು’ ಎಂದು ಅಮ್ಮನೇ ಮುಗಿಸಿದಳು.

ಜೂನ್, ಜುಲೈ ಏನೂ ಅನಿಸಲಿಲ್ಲ. ಬೋಟುಗಳು ಇಳಿಯಲಿಲ್ಲ, ಅಮ್ಮ ಮನೆಯಲ್ಲಿದ್ದಳು. ವ್ಯಾನು ಮಳೆಯಲ್ಲೇ ಹಳದೀಪುರಕ್ಕೆ ಹೋಗಿ ಮಕ್ಕಳನ್ನು ತುಂಬಿಕೊಂಡು ಬರುತ್ತಿತ್ತು. ಮೀನುಗಾರಿಕೆ ಮತ್ತೆ ಶುರುವಾದ ಮೇಲೆ ಅಮ್ಮ ಬುಟ್ಟಿ ಹೊತ್ತು ಹೆದ್ದಾರಿಗೆ ಬಂದು ಟೆಂಪೋ ಕಾಯತೊಡಗಿದಳು. ನಾನು ಬಸ್ಸು ಕಾಯುವ ಜಾಗವೂ ಅದೇ.

ಹಳದೀಪುರ ಕುಮಟೆಯ ದಾರಿಯಲ್ಲೇ ಇದೆ. ಆದ್ದರಿಂದ ಬೆಳಿಗ್ಗೆ ವ್ಯಾನು ನಮ್ಮೆದುರಿಗೇ ಹೋಗುತ್ತಿತ್ತು, ಖಾಲಿ. ಮೊದಲ ದಿನ ಅಣ್ಣ ವೇಗ ತಗ್ಗಿಸಿದ. ಅಮ್ಮ ನೊಣ ಓಡಿಸುವಂತೆ ಕೈ ಬೀಸಿದಳು. ಅವನು ಹೋದ.

ಪಕ್ಕದಲ್ಲಿ ಬುಟ್ಟಿ ಇಳಿಸಿಕೊಂಡಿದ್ದ ನೆರೆಮನೆಯ ಹೆಂಗಸು ಕೇಳಿದಳು: ‘ಎಂತ ಮಾರಾಯ್ತಿ, ಮಗನ ಗಾಡಿ ಖಾಲಿ ಹೋತದೆ, ನಿಂಗೆ ಮಾತ್ರ ಜಾಗ ಇಲ್ವೇ?’

ನಾನು ರಸ್ತೆಯ ಆಚೆ ನೋಡಿದೆ.

‘ನಂಗೆ ಅದ್ರಲ್ಲಿ ಆಗೂದಿಲ್ಲ’ ಎಂದಳು ಅಮ್ಮ. ‘ಕೂತ್ರೆ ತಲೆ ತಿರುಗ್ತದೆ. ವಾಂತಿ ಬತ್ತದೆ.’

‘ಕೇಳ್ರೇ! ದೋಣೀಲಿ ಹುಟ್ದವ್ಳಿಗೆ ಗಾಡೀಲಿ ವಾಂತಿಯಂತೆ!’

ನಿಂತಿದ್ದ ಹೆಂಗಸರೆಲ್ಲ ನಕ್ಕರು. ಅಮ್ಮ ಎಲ್ಲರಿಗಿಂತ ಜೋರಾಗಿ ನಕ್ಕಳು. ನನ್ನ ಬಸ್ಸು ಬಂತು. ನಾನು ಹತ್ತಿ, ಅವರು ನಿಂತಿದ್ದ ಕಡೆಗಲ್ಲದೆ ಗುಡ್ಡದ ಕಡೆಗಿನ ಸೀಟಿನಲ್ಲಿ ಕೂತೆ. ಬಸ್ಸು ಸೇತುವೆ ಏರುವವರೆಗೂ ಆ ನಗು ಕೇಳಿಸುತ್ತಿತ್ತು ಎನ್ನಲಾರೆ. ಅಷ್ಟು ದೂರ ಯಾವ ನಗುವೂ ಕೇಳಿಸುವುದಿಲ್ಲ. ಆದರೆ ಅಮ್ಮ ಆಮೇಲೆ ಆ ವ್ಯಾನನ್ನು ಹತ್ತಲಿಲ್ಲ, ಕೇಳಿದವರಿಗೆಲ್ಲ ವಾಂತಿಯ ಕಾರಣವನ್ನೇ ಹೇಳಿದಳು. ಕೆಲವು ವರ್ಷಗಳಲ್ಲಿ ನಮ್ಮ ಕೇರಿಯಲ್ಲಿ ಅದನ್ನು ಎಲ್ಲರೂ ನಂಬಿದರು.