ಅಪ್ಪನ ದನಿಗೆ ನಿಂತ ಮಗ್ಗಗಳು

ನಮ್ಮ ಬೀದಿಯಲ್ಲಿ ಪಿಸುಮಾತು ಯಾರಿಗೂ ಬರುವುದಿಲ್ಲ. ದೊಡ್ಡಬಳ್ಳಾಪುರದ ನೇಕಾರರ ಬೀದಿ ನಮ್ಮದು. ಹುಟ್ಟಿದಂದಿನಿಂದ ಪವರ್‌ಲೂಮಿನ ಸದ್ದನ್ನು ಮೀರಿಸಿ ಮಾತಾಡಿದ ಗಂಟಲುಗಳು. ತಂಗಿಯನ್ನು ನೋಡಲು ಬಂದ ಗಂಡಿನ ಕಡೆಯವರು, ಕಾಫಿಗೆ ಸಕ್ಕರೆ ಹಾಕಿದೆಯಾ ಎಂದು ಅಪ್ಪ ಅಮ್ಮನನ್ನು ಕೇಳಿದ್ದನ್ನೇ ಜಗಳವೆಂದುಕೊಂಡು ಎದ್ದು ನಿಂತಿದ್ದರು. ಅಪ್ಪ ಗುಟ್ಟು ಹೇಳಿದರೂ ಎದುರು ಮನೆಯವರು ಅದಕ್ಕೆ ಅಲ್ಲಿಂದಲೇ ಸಲಹೆ ಕೊಡುತ್ತಿದ್ದರು.

ಆ ತಂಗಿಯ ಮದುವೆಯಾದ ವರ್ಷದೊಳಗೆ ಅಪ್ಪ ತೀರಿಕೊಂಡರು. ಗೋಡೆಗೆ ಫೋಟೋ ಬಂತು. ಅಮ್ಮ ಅದರ ಮುಂದೆ ದೀಪ ಹಚ್ಚಿ, “ಫೋಟೋ ಐತೆ ಕಣಪ್ಪ, ಬಾಯೇ ಬಿಡಲ್ವಲ್ಲ. ನಿಮ್ಮಪ್ಪ ಯಾವತ್ತಾದ್ರೂ ಹಿಂಗೆ ಬಾಯ್ಮುಚ್ಕೊಂಡು ಕೂತಿದ್ರಾ?” ಎಂದಳು.

ಅಪ್ಪನ ದನಿ ಉಳಿದಿದ್ದದ್ದು ಒಂದೇ ಕಡೆ. ಚಿಕ್ಕಪ್ಪನ ಮಗ ಕುಮಾರ ತಂಗಿಯ ಮದುವೆಯಲ್ಲಿ ತನ್ನ ವೀಡಿಯೊ ಕ್ಯಾಮೆರಾದಲ್ಲಿ ತೆಗೆದ ಪುಟ್ಟ ಕ್ಯಾಸೆಟ್ಟಿನಲ್ಲಿ. ಜೋಪಾನವಾಗಿರಲಿ ಎಂದು ಅಮ್ಮ ಅದನ್ನು ಟ್ರಂಕಿನಲ್ಲಿ ರೇಷ್ಮೆ ಸೀರೆಯ ಮಡಿಕೆಯೊಳಗೆ ಇಟ್ಟಿದ್ದಳು. ತೆಗೆದು ನೋಡಿದರೆ ಟೇಪಿಗೆ ಬೂಷ್ಟು. ರಿಪೇರಿಯವರು ಒರೆಸಿಕೊಟ್ಟು, ಇನ್ನು ಕೆಲವೇ ಸಲ ಓಡೀತು, ಅಷ್ಟರಲ್ಲಿ ಕಂಪ್ಯೂಟರಿಗೆ ಇಳಿಸಿಕೊಳ್ಳಿ ಎಂದರು. ಸೀರೆಯ ಅಂಚಿನ ಡಿಸೈನ್ ಬರೆಯಲೆಂದು ನಾನು ಕೊಂಡ ಕಂಪ್ಯೂಟರು ಮನೆಯಲ್ಲಿತ್ತು. ಅದಕ್ಕೊಂದು ವೀಡಿಯೊ ಕಾರ್ಡು ಹಾಕಿಸಿ, ಕುಮಾರನ ಕ್ಯಾಮೆರಾಕ್ಕೆ ವೈರು ಸಿಕ್ಕಿಸಿ, ಗಣಪತಿಗೆ ಕೈಮುಗಿದು ಶುರುಮಾಡಿದೆವು.

ಕಂಪ್ಯೂಟರೆಂದರೆ ಎಲ್ಲವೂ ಚಿಟಿಕೆಯಲ್ಲಿ ಆಗುತ್ತದೆಂದು ನಾನು ನಂಬಿದ್ದೆ. ಇದೋ, ಒಂದು ಗಂಟೆಯ ಮದುವೆ ಇಳಿಯಲು ಒಂದು ಗಂಟೆಯೇ ಬೇಕಂತೆ. ಟೇಪು ತಾನು ಕಂಡದ್ದನ್ನು ಕಂಡಷ್ಟೇ ನಿಧಾನಕ್ಕೆ ಹೇಳುತ್ತದೆ. ಟೇಪನ್ನು ಜೋರಾಗಿ ಓಡಿಸಿ ಹಿಡಿದರೆ ಬೇಗ ಮುಗಿಯುತ್ತದಲ್ಲ ಎಂಬ ನನ್ನ ಮಹಾ ಬುದ್ಧಿವಂತಿಕೆಯಿಂದ ಒಮ್ಮೆ ಓಡಿಸಿದೆವು. ದನಿಯೇ ಇಲ್ಲ, ಅಪ್ಪ ಹುಳಿಯ ಬಕೆಟ್ ಹಿಡಿದು ಪಂಕ್ತಿಯುದ್ದಕ್ಕೂ ದಡದಡ ಓಡಾಡಿದರು. ಅಮ್ಮ ಕಣ್ಣೊರೆಸಿಕೊಂಡು, “ಅವ್ರನ್ನ ಓಡಿಸ್ಬೇಡ್ರೋ. ಇದ್ದಾಗ ಓಡಿದ್ದು ಸಾಲ್ದಾ?” ಎಂದಳು. ಆಮೇಲೆ ನಾನು ಅವಸರದ ಮಾತೆತ್ತಲಿಲ್ಲ.

ಆದರೆ ನಿಧಾನಕ್ಕೂ ಅದು ಇಳಿಯಲಿಲ್ಲ. ಸ್ವಲ್ಪ ಹೊತ್ತು ಸರಿಯಾಗಿ ಬಂದು ಚಿತ್ರ ನಡುಗುವುದು, ನಿಲ್ಲುವುದು, ಕಂಪ್ಯೂಟರು ತಾನೇ ಆರಿ ಹೊತ್ತಿಕೊಳ್ಳುವುದು. ಮತ್ತೆ ಮೊದಲಿನಿಂದ. ವೈರು ಬದಲಾಯಿಸಿದೆವು, ಡಿಸ್ಕಿನಲ್ಲಿ ಜಾಗ ಮಾಡಲು ನನ್ನ ಡಿಸೈನುಗಳನ್ನು ಅಳಿಸಿದೆವು, ಪೆಟ್ಟಿಗೆಯ ಮುಚ್ಚಳ ಬಿಚ್ಚಿ ಟೇಬಲ್ ಫ್ಯಾನ್ ಇಟ್ಟೆವು. ಸೋತ ಒಂದೊಂದು ಸಲವೂ ಟೇಪು ಸವೆದು, ಅಪ್ಪನ ಮುಖದ ಮೇಲೆ ಬಿಳಿಗೆರೆಗಳು ಹೆಚ್ಚುತ್ತಿದ್ದವು. ನನಗೆ ಭಯವಾಯಿತು. ನಮ್ಮ ಕೈಯಾರೆ ಅವರನ್ನು ಅಳಿಸುತ್ತಿದ್ದೆವು.

“ಟೇಪು ಇನ್ನೊಂದ್ ಸಲ ತಡೆದ್ರೆ ಹೆಚ್ಚು ಕಣಣ್ಣ,” ಎಂದ ಕುಮಾರ.

ಆಗಲೇ ನನ್ನ ಕಣ್ಣು ಮೇಲಿನ ಬಲ್ಬಿನತ್ತ ಹೋಯಿತು. ಎದುರು ಶೆಡ್ಡಿನಲ್ಲಿ ಮಗ್ಗ ಹೊರಟಾಗಲೆಲ್ಲ ಅದು ಮಂಕಾಗುತ್ತಿತ್ತು. ಸ್ಟೆಬಿಲೈಸರ್ ಟಕ್ ಟಕ್ ಎನ್ನುತ್ತಿತ್ತು. ಕಂಪ್ಯೂಟರು ಕಣ್ಣು ಮುಚ್ಚುತ್ತಿತ್ತು. ಮಗ್ಗ ವೋಲ್ಟೇಜನ್ನು ಎಳೆದುಕೊಳ್ಳುತ್ತಿತ್ತು. ರೋಗ ತಿಳಿಯಿತು, ಮದ್ದು ಎಲ್ಲಿ? ಮದುವೆ ಸೀಸನ್ನಿನ ಸೀರೆಗಳಿಗಾಗಿ ಹಗಲೂ ರಾತ್ರಿ ಮಗ್ಗ ಓಡುವ ಕಾಲ. ಅವು ನಿಂತರೆ ಕರೆಂಟ್ ಹೋಗಿದೆ ಎಂದರ್ಥ, ಆಗ ಕಂಪ್ಯೂಟರೂ ಇಲ್ಲ. ಕರೆಂಟಿದ್ದೂ ಬೀದಿಯ ಮಗ್ಗಗಳನ್ನೆಲ್ಲ ನಿಲ್ಲಿಸುವುದು ಯಾರಾದರೂ ಸತ್ತಾಗ, ಹೆಣ ಎತ್ತುವವರೆಗೆ. ಅಪ್ಪನಿಗೂ ಹಾಗೆ ನಿಲ್ಲಿಸಿದ್ದರು.

“ಸಾವಿಗೆ ನಿಲ್ಸೋ ಮಗ್ಗಾನ ಸುಮ್ನೆ ನಿಲ್ಸಿ ಅಂತ ಯಾವ ಬಾಯಲ್ಲಿ ಕೇಳ್ತೀಯಾ?” ಎಂದಳು ಅಮ್ಮ.

ಆದರೂ ಹೋದೆ. ಎದುರು ಶೆಡ್ಡು ನಂಜುಂಡಣ್ಣನದು. ಬೀದಿಗೆಲ್ಲ ಅವನು ಅಣ್ಣ, ಅಪ್ಪನಿಗೆ ಮಾತ್ರ ಬರೀ ನಂಜುಂಡ. ಸಂಕೋಚದ ವಿಷಯವನ್ನು ಮೆಲ್ಲಗೆ ಕೇಳೋಣವೆಂದರೆ ಆ ಸದ್ದಿನಲ್ಲಿ ಆದೀತೆ? “ಅಪ್ಪನ ದನಿ ಇಳಿಸ್ಕೋಬೇಕು ಅಣ್ಣಾ, ಒಂದು ಗಂಟೆ ಮಗ್ಗ ನಿಲ್ಲಿಸ್ತೀಯಾ?” ಎಂದು ಅರಚಿದೆ. ಅವನು ನನ್ನ ಮುಖ ನೋಡಿದ. ಹೋಗಿ ಮೋಟರಿನ ಸ್ವಿಚ್ಚು ಇಳಿಸಿದ. ನನ್ನ ಕೂಗು ಪಕ್ಕದವರಿಗೂ ಕೇಳಿಸಿತ್ತು. ಒಂದೊಂದಾಗಿ ಎಲ್ಲ ಶೆಡ್ಡುಗಳೂ ಸುಮ್ಮನಾದವು. ಮಗ್ಗ ಬಿಟ್ಟವರು ಬಂದು ನಮ್ಮ ಜಗುಲಿಯಲ್ಲಿ ಕೂತರು.

ಟೇಪು ಓಡಿತು. ಬಲ್ಬು ಅಲುಗಲಿಲ್ಲ. ಧಾರೆ ಮುಗಿಯಿತು, ಪಂಕ್ತಿ ಕೂತಿತು. ಓಲಗದ ಸದ್ದನ್ನೂ ಮೀರಿಸಿ, ಗೆರೆಗಳ ಹಿಂದಿನಿಂದ ಅಪ್ಪ ಕೂಗಿದರು: “ಲೋ ನಂಜುಂಡಾ! ಊಟ ಆಯ್ತೇನಲಾ?”

ಆ ನಿಶ್ಶಬ್ದದಲ್ಲಿ ದನಿ ಬೀದಿಯವರೆಗೂ ಹೋಯಿತು.

“ಆಯ್ತು ಕಣಣ್ಣಾ!”

ನಮ್ಮ ಜಗುಲಿಯಿಂದ ನಂಜುಂಡಣ್ಣ ಅಷ್ಟೇ ಜೋರಾಗಿ ಉತ್ತರ ಕೊಟ್ಟಿದ್ದ. ಕೊಟ್ಟ ಮೇಲೆ ಬೆಚ್ಚಿ, ಟವಲಿನಲ್ಲಿ ಮುಖ ಮುಚ್ಚಿಕೊಂಡ. ಅಮ್ಮ ಬಿಕ್ಕಿ ಬಿಕ್ಕಿ ಅತ್ತಳು. ನಾನೂ ಅತ್ತೆ.

ಕೊನೆಯವರೆಗೂ ಇಳಿಯಿತು. ಇನ್ನು ಎಷ್ಟು ಸಲ ಹಾಕಿದರೂ ಸವೆಯುವುದಿಲ್ಲ ಎಂದು ಕುಮಾರ ಎಲ್ಲರಿಗೂ ಹೇಳಿದ. ಅಮ್ಮ ಜಗುಲಿಗೆ ಬಂದು, “ಆಯ್ತು ನಂಜುಂಡಪ್ಪ, ಮಗ್ಗ ಹಾಕ್ಕೊ ಹೋಗು” ಎಂದಳು.

ಅವನು ಏಳಲಿಲ್ಲ.

“ಇರ್ಲಿ ಅತ್ಗೆ,” ಎಂದ. ಅವನು ಮೆಲ್ಲಗೆ ಮಾತಾಡಿದ್ದನ್ನು ನಾನು ಕೇಳಿದ್ದು ಅದೇ ಮೊದಲು. “ಅಣ್ಣ ಇನ್ನೊಂದ್ ಸಲ ಕೂಗ್ಲಿ.”