ಕೊಟ್ರಪ್ಪ ಮಾವನ ದೊಡ್ಡಾಕಿ

ಮೊಣಕಾಲು ನೋವಿಗೆ ಕಂಡವರು ಹೇಳಿದ ಎಣ್ಣೆಗಳನ್ನೆಲ್ಲ ತಿಕ್ಕಿ ತಿಕ್ಕಿ, ಕೊನೆಗೆ ಮನೆಯಲ್ಲಿ ಯಾರೂ ನನ್ನ ಪಕ್ಕ ಕೂಡದಷ್ಟು ವಾಸನೆ ಹೊಡೆಯತೊಡಗಿದಾಗ, ಹೆಂಡತಿಯೇ ನನ್ನನ್ನು ದಾವಣಗೆರೆಯ ಎಲುಬಿನ ಡಾಕ್ಟರ ಹತ್ತಿರ ಕಳಿಸಿದಳು. ಹೋದ ತಿಂಗಳ ಮಾತು. ಹೊಸದಾಗಿ ಕಟ್ಟಿಸಿದ ಆಸ್ಪತ್ರೆ. ಟೋಕನ್ ಹಿಡಿದು ಕೂತಿದ್ದೆ. ಎದುರಿನ ಗೋಡೆಗೆ ಒಂದು ಗಾಜಿನ ಪೆಟ್ಟಿಗೆ, ಒಳಗೊಂದು ಸಣ್ಣ ದೀಪ, ದೀಪದ ಕೆಳಗೆ ಒಂದು ಬೇಸ್ ಗಿಟಾರು. ನಡುವೆ ಜೇನಿನ ಬಣ್ಣ, ಅಂಚಿಗೆ ಹೋದಂತೆ ಕಪ್ಪು. ಕೆಳಬದಿಗೆ ಅಂಗೈಯಗಲ ಬಣ್ಣ ಸವೆದು ಬರೀ ಕಟ್ಟಿಗೆ ಕಾಣುತ್ತಿತ್ತು. ಆ ಜಾಗ ಸವೆಯುವುದನ್ನು ನಾನು ವರ್ಷಗಟ್ಟಲೆ ಹತ್ತಿರದಿಂದ ನೋಡಿದವನು.

“ದೊಡ್ಡಾಕಿ!” ಎಂದುಬಿಟ್ಟೆ, ಸ್ವಲ್ಪ ಜೋರಾಗಿಯೇ. ಪಕ್ಕದ ಕುರ್ಚಿಯಲ್ಲಿದ್ದ ದಪ್ಪನೆಯ ಹೆಣ್ಣುಮಗಳು ತನಗೇ ಅಂದೆನೆಂದು ತಿಳಿದು ಸೆರಗು ಸರಿಮಾಡಿಕೊಂಡು ಎರಡು ಕುರ್ಚಿ ಆಚೆ ಹೋಗಿ ಕೂತಳು.

ಆಕೆಗೆ ಹೇಳಲಾಗದ್ದನ್ನು ನಿಮಗೆ ಹೇಳುತ್ತೇನೆ. ತೊಂಬತ್ತರ ದಶಕದಲ್ಲಿ ನಮ್ಮದೊಂದು ಆರ್ಕೆಸ್ಟ್ರಾ ಇತ್ತು. ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ, ಈ ಐದು ಊರಿನ ನಡುವೆ ನಮ್ಮ ಕೀರ್ತಿ ಹಬ್ಬಿತ್ತು, ಅದರಾಚೆಗೆ ನಮ್ಮನ್ನು ಯಾರೂ ಕರೆಯುತ್ತಿರಲಿಲ್ಲ. ನಾನು ಕೂಡ್ಲಿಗಿ ಹತ್ತಿರದ ಹಳ್ಳಿಯ ಸಾಲಿ ಮಾಸ್ತರ, ರಜೆಯ ದಿನ ಕೀಬೋರ್ಡು ನುಡಿಸುತ್ತಿದ್ದೆ. ಬೇಸ್ ಗಿಟಾರು ಕೊಟ್ಟೂರಿನ ಟೈಲರ್ ಕೊಟ್ರಪ್ಪನದು. ನಮ್ಮೆಲ್ಲರಿಗಿಂತ ಇಪ್ಪತ್ತು ವರ್ಷ ಹಿರಿಯ, ಅದಕ್ಕೇ ಎಲ್ಲರ ಬಾಯಲ್ಲೂ ಮಾವ.

ಬೇಸ್ ಗಿಟಾರಿಗೆ ನಾಲ್ಕೇ ತಂತಿ, ತಗ್ಗಿನ, ದಪ್ಪ ದನಿ. ಅದು ಹಾಡಿನ ಅಡಿಯಲ್ಲಿರುತ್ತದೆ, ಮನೆಯ ಬುನಾದಿ ಇದ್ದ ಹಾಗೆ. ಬುನಾದಿ ನೋಡಿ ಯಾರೂ ಹೊಗಳುವುದಿಲ್ಲವಲ್ಲ. ಹಡಗಲಿ ಹತ್ತಿರದ ಇಟ್ಟಿಗಿ ಊರಿನ ಒಂದು ಮದುವೆಯಲ್ಲಿ ಹಾಡು ನಡೆಯುತ್ತಿರುವಾಗಲೇ ಹಿರಿಯರೊಬ್ಬರು ವೇದಿಕೆ ಹತ್ತಿ ಬಂದು ನನ್ನ ಕಿವಿಯಲ್ಲಿ ಕೇಳಿದ್ದರು: “ಎಲ್ಲಾರೂ ದುಡ್ಯಾಕ ಹತ್ಯಾರ, ಆ ಉದ್ದನ್ನ ಗಿಟಾರಿನಾತ ಯಾಕ ಸುಮ್ನ ನಿಂತಾನ್ರಿ? ಊಟ ಆಗಿಲ್ಲೇನು ಅವರದು?” ಮಾವನಿಗೆ ಅದು ಕೇಳಿಸಿತು. ಸಿಟ್ಟು ಮಾಡಿಕೊಳ್ಳಲಿಲ್ಲ. ಹಾಡು ಮುಗಿದ ಮೇಲೆ ಹೋಗಿ ನಿಜವಾಗಿಯೂ ಎರಡನೇ ಸಲ ಊಟ ಮಾಡಿ ಬಂದ.

ಮಾವನಿಗೆ ಹೊಸ ಗಿಟಾರು ಕಂಡರೆ ಆಗುತ್ತಿರಲಿಲ್ಲ. “ಹಸೀ ಕಟ್ಟಿಗಿ” ಎಂದು ಮುಖ ತಿರುಗಿಸುತ್ತಿದ್ದ. “ಕಟ್ಟಿಗಿ ಒಣಗಬೇಕು, ಮಾಸ್ತರ. ಒಣಗಿದಷ್ಟೂ ದನಿ ಬಿಚ್ಚತೈತಿ.” ಹೀಗೆ ಒಣಗಿದವು ಅವನ ಮನೆಯಲ್ಲಿ ಮೂರಿದ್ದವು. ಗುಂತಕಲ್ಲಿನಲ್ಲಿ ರಿಟೈರಾದ ಒಬ್ಬ ಆಂಗ್ಲೋ ಇಂಡಿಯನ್ ರೈಲ್ವೆ ಗಾರ್ಡ್ ಸಾಹೇಬನಿಂದ ಬಂದದ್ದು ದೊಡ್ಡಾಕಿ. ವಿದೇಶದ್ದು, ಮಾವನ ಲೆಕ್ಕದಲ್ಲಿ ಅವನ ಮದುವೆಗಿಂತ ಹಳೆಯದು. ಕಲಕತ್ತೆಯಲ್ಲಿ ತಯಾರಾದದ್ದು ನಡುವಿನಾಕಿ. ಮೂರನೆಯದಾದ ಸಣ್ಣಾಕಿಗೆ ಕುತ್ತಿಗೆ ಮಾತ್ರ ಇತ್ತು. ಹೊಸಪೇಟೆಯ ಗುಜರಿಯಲ್ಲಿ ಮೈಯಿಲ್ಲದ ಆ ಗಿಟಾರಿನ ಕುತ್ತಿಗೆ ನೋಡಿ ಕರುಳು ಚುರುಕ್ ಎಂದು ತಂದಿದ್ದ. ಸಫಾರಿ ಸೂಟು ಹೊಲಿದು ಉಳಿದ ಬಟ್ಟೆಯಲ್ಲಿ ಮೂವರಿಗೂ ಅಂಗಿ ಹೊಲಿದಿದ್ದ. ದೊಡ್ಡಾಕಿಯ ಅಂಗಿಗೆ ಕಾಲರು, ಗುಂಡಿ, ಎದೆಗೊಂದು ಜೇಬು ಸಹ ಇತ್ತು. ಜೇಬಿನಲ್ಲಿ ಬಸ್ಸಿನ ಟಿಕೆಟು, ಏಕೆಂದರೆ ದೊಡ್ಡಾಕಿಗೆ ಬಸ್ಸಿನಲ್ಲಿ ಬೇರೆ ಸೀಟು.

“ಹೆಣ್ಮಕ್ಕಳು ಅಂತ ಹೆಣ್ಮಕ್ಕಳು!” ಎನ್ನುತ್ತಿದ್ದಳು ಅವನ ಹೆಂಡತಿ ಗೌರಮ್ಮತ್ತಿ. “ಹೆಣ್ಮಕ್ಕಳಾಗಿದ್ರ ಒಂದಿನ ಕಸನಾದ್ರೂ ಹೊಡೀತಿದ್ವು.”

ಆಕೆಯ ಸಿಟ್ಟಿಗೆ ಕಾರಣವಿತ್ತು. ಬೇಸ್ ಗಿಟಾರಿನ ತಂತಿ ನಮ್ಮ ಕಡೆ ಸಿಗುತ್ತಿರಲಿಲ್ಲ. ಹಳೆಯದಾಗಿ ದನಿ ಮಂಕಾದ ತಂತಿಗಳನ್ನು ಬಿಚ್ಚಿ ನೀರಿನಲ್ಲಿ ಕುದಿಸಿದರೆ ಬೆವರು, ಜಿಡ್ಡು ಬಿಟ್ಟು ಮತ್ತೆ ಹೊಳಪಾಗಿ ನುಡಿಯುತ್ತವೆ. ಮಾವ ಅದನ್ನು ಬೇಳೆ ಬೇಯಿಸುವ ಪಾತ್ರೆಯಲ್ಲೇ ಮಾಡುತ್ತಿದ್ದ. ಒಮ್ಮೆ ನಾನು ಹೋದಾಗ ಒಲೆಯ ಮೇಲೆ ಏನೋ ಸುತ್ತಿಕೊಂಡು ಕುದಿಯುತ್ತಿತ್ತು. ಶಾವಿಗೆ ಎಂದುಕೊಂಡು, ಹಸಿವೆಯೂ ಇತ್ತು, “ಬೆಲ್ಲ ಹಾಕಿಲ್ಲೇನತ್ತಿ?” ಎಂದು ಸೌಟು ಆಡಿಸಿದೆ. ಗೌರಮ್ಮತ್ತಿ ಹೊರಗೆ ಹೋಗಿ ಕಟ್ಟೆಯ ಮೇಲೆ ಕೂತು ನಕ್ಕದ್ದು ಬಸ್‌ಸ್ಟ್ಯಾಂಡಿನವರೆಗೂ ಕೇಳಿಸಿರಬೇಕು.

ಆಮೇಲೆ ಬಂತು ನನ್ನ ಹೊಸ ಕೀಬೋರ್ಡು. ಅದರ ಎಡಬದಿಯ ಕೀಗಳನ್ನು ಒತ್ತಿದರೆ ಬೇಸ್ ಗಿಟಾರಿನದೇ ದನಿ. ಆರ್ಕೆಸ್ಟ್ರಾದವರೆಲ್ಲ ಕೂಡಿ ಮಾತಾಡಿದರು. ಇನ್ನು ಮಾವನ ಅಗತ್ಯ ಏನಿದೆ? ಆದರೆ ಹೇಳುವವರು ಯಾರು? ಕೀಬೋರ್ಡು ಯಾರದೋ ಅವರೇ, ಎಂದು ಎಲ್ಲರೂ ನನ್ನ ಮುಖ ನೋಡಿದರು. ಕೊಟ್ಟೂರಿಗೆ ಹೋದೆ. ಮಳೆ ಬೆಳೆಯ ಮಾತಾಡಿದೆ, ನನ್ನ ಪ್ಯಾಂಟಿನ ಅಳತೆ ಕೊಟ್ಟೆ, ಬೇಡವಾದ ಒಂದು ಅಂಗಿಗೂ ಅಳತೆ ಕೊಟ್ಟೆ. ಮಾವ ಟೇಪು ಕೊರಳಿಗೆ ಹಾಕಿಕೊಂಡು ನಿಧಾನವಾಗಿ ಹೇಳಿದ: “ನಿನ್ನ ಎಡಗೈಗೆ ಕೆಲಸ ಸಿಕ್ಕೈತಿ ಅನ್ನು.”

“ಹಂಗಲ್ಲ ಮಾವ...”

“ಛಲೋ ಆತು ಬಿಡು. ಇಷ್ಟು ದಿನ ಖಾಲಿ ಕೂತಿತ್ತು.”

ಮುಂದಿನ ಕಾರ್ಯಕ್ರಮ ಹರಪನಹಳ್ಳಿಯಲ್ಲಿ ಒಂದು ಆರತಕ್ಷತೆ. ನಾನು ವೇದಿಕೆಯಿಂದ ನೋಡುತ್ತೇನೆ, ಮುಂದಿನ ಸಾಲಿನಲ್ಲೇ ಮಾವ! ಇಸ್ತ್ರಿ ಮಾಡಿದ ಬಿಳಿ ಅಂಗಿ, ತೊಡೆಯ ಮೇಲೆ ಕಾಲರಿನ ಅಂಗಿ ತೊಟ್ಟ ದೊಡ್ಡಾಕಿ. ಬೀಗರ ಹಾಗೆ ಕೂತು ಹಾಡು ಕೇಳುತ್ತಿದ್ದಾನೆ. ಅವನ ಎಡಗೈ ಬೆರಳು ಬಟ್ಟೆಯ ಮೇಲೆಯೇ ಆಡುತ್ತಿದ್ದವು. ಅವತ್ತು ನನ್ನ ಎಡಗೈ ಮಾಡಿದ ತಪ್ಪುಗಳನ್ನು ನಾನು ಎಣಿಸಲಿಲ್ಲ, ಆದರೆ ಒಂದೊಂದು ತಪ್ಪಿಗೂ ಮಾವ ಕಣ್ಣು ಮುಚ್ಚಿಕೊಳ್ಳುತ್ತಿದ್ದ. ಹೆಚ್ಚುಕಡಿಮೆ ಇಡೀ ಸಂಜೆ ಮುಚ್ಚಿಕೊಂಡೇ ಇದ್ದ.

ಅವನ ಪಕ್ಕದಲ್ಲಿ ಕೂತಿದ್ದವರು ದಾವಣಗೆರೆಯ ಎಲುಬಿನ ಡಾಕ್ಟರು, ಹೆಣ್ಣಿನ ಕಡೆಯವರು. ಹಳೆಯ ವಾದ್ಯಗಳನ್ನು ಕೂಡಿಹಾಕುವ ಹುಚ್ಚು ಅವರಿಗೆ. “ಏನ್ರೀ ಇದು, ಅಂಗಿಯೊಳಗೆ?” ಎಂದು ಕೇಳಿದ್ದಾರೆ. ಮಾವ ಎರಡು ಗುಂಡಿ ಬಿಚ್ಚಿ ತೋರಿಸಿದ್ದಾನೆ. ಡಾಕ್ಟರು ಊಟಕ್ಕೂ ಏಳಲಿಲ್ಲ.

ಮರುವಾರ ಕೊಟ್ಟೂರಿಗೆ ಬಂದು, ನೋಡಿ ಕೊಂಡುಕೊಳ್ಳುತ್ತೇನೆಂದರು. ಕೊಡುವ ಮನಸ್ಸು ಮಾವನಿಗೆ ಹೇಗೆ ಬಂತೆಂದು ನೀವು ಕೇಳಬಹುದು. ಆ ವರ್ಷ ನಡುವಿನಾಕಿಗೆ ಗೆದ್ದಲು ಹತ್ತಿತ್ತು. ಒಂದು ಮುಂಜಾನೆ ಅಂಗಿ ಬಿಚ್ಚಿದರೆ ಕೈಗೆ ಬರೀ ಪುಡಿ ಬಂದಿತ್ತು. ಅಂದಿನಿಂದ ದೊಡ್ಡಾಕಿಯನ್ನು ಮಂಚದ ಮೇಲೆ ಮಲಗಿಸಿ ತಾನು ನೆಲದ ಮೇಲೆ ಮಲಗುತ್ತಿದ್ದ. ಡಾಕ್ಟರ ಮನೆಯಲ್ಲಾದರೆ ಏಸಿ ಕೋಣೆ. “ತಣ್ಣಗ ಇರ್ತಾಳ,” ಎಂದ.

ಭಾನುವಾರ, ಹೆಣ್ಣು ನೋಡುವ ಶಾಸ್ತ್ರವೆಂಬಂತೆ, ನನ್ನನ್ನು ಹೆಣ್ಣಿನ ಕಡೆಯ ಹಿರಿಯನೆಂದು ಕೂಡಿಸಿದ್ದರು. ಗೌರಮ್ಮತ್ತಿ ಮಂಡಕ್ಕಿ ಒಗ್ಗರಣೆ, ಮಿರ್ಚಿ ಮಾಡಿದ್ದಳು. ದೊಡ್ಡಾಕಿ ಹೊಸ ಅಂಗಿ ತೊಟ್ಟು ಮಂಚದ ಮೇಲಿದ್ದಳು. ಡಾಕ್ಟರು ಕೈ ತೊಳೆದುಕೊಂಡು, ಕನ್ನಡಕ ಹಾಕಿಕೊಂಡು, ಬ್ಯಾಟರಿ ಬೆಳಕು ಬಿಟ್ಟು ನೋಡತೊಡಗಿದರು.

“ಪಿಕಪ್ ಒರಿಜಿನಲ್ಲಾ?” ಪಿಕಪ್ ಎಂದರೆ ತಂತಿಯ ನಡುಕವನ್ನು ಹಿಡಿದು ಸ್ಪೀಕರಿಗೆ ಕಳಿಸುವ ಸುರುಳಿ, ಗಿಟಾರಿನ ಗಂಟಲು.

“ಒರಿಜಿನಲ್ ರೀ!” ಎಂದ ಮಾವ. “ಬಸ್‌ಸ್ಟ್ಯಾಂಡ್ ಹತ್ರ ಮೋಟಾರ್ ವೈಂಡಿಂಗ್ ಖಾಜಾಸಾಬ್ ಅದಾನಲ್ರಿ, ಅವ ಸ್ವಂತ ಕೈಯಾರೆ ಸುತ್ಯಾನ. ಫ್ಯಾನಿಗೆ ಸುತ್ತೋದಕ್ಕಿಂತ ಸಣ್ಣ ತಂತಿ. ಮೂರು ದಿನ ಅಂಗಡಿ ಬಾಗ್ಲಾ ಹಾಕ್ಕೊಂಡು ಸುತ್ಯಾನ್ರಿ.”

ಡಾಕ್ಟರು ಕನ್ನಡಕ ತೆಗೆದು ಒರೆಸಿಕೊಂಡರು. “ಈ ತಿರುವೋ ಗುಂಡಿಗಳು?”

“ನಮ್ಮಪ್ಪನ ರೇಡಿಯೋದ್ದು.”

“ಮೇಲೆ ತಂತಿ ಕೂರೋ ಈ ಕಪ್ಪು ಪಟ್ಟಿ? ಬೀಟೆ ಮರದ್ದಾ?”

“ಎಮ್ಮಿ ಕೋಡು. ನಮ್ಮ ಅಳಿಯನ ಮನ್ಯಾಗಿಂದು, ಬಾಳ ಹಾಲು ಕೊಡ್ತಿತ್ತು.”

ಡಾಕ್ಟರ ಮುಖ ಇಳಿಯುತ್ತಾ ಹೋಯಿತು. ಮಾವನ ಮುಖ ಮಾತ್ರ ಅರಳುತ್ತಾ ಹೋಯಿತು. ಒಂದೊಂದು ಪ್ರಶ್ನೆಯೂ ಮಗಳ ಗುಣ ಕೇಳುತ್ತಿರುವುದೆಂದೇ ಅವನ ತಿಳುವಳಿಕೆ. ಕೊನೆಗೆ ಡಾಕ್ಟರು ತೀರ್ಪು ಹೇಳಿದರು. ಮೈ, ಕುತ್ತಿಗೆ, ಬಿರಡೆ ಮಾತ್ರ ಒರಿಜಿನಲ್. ತೆಗೆದುಕೊಳ್ಳುತ್ತಾರೆ. ಉಳಿದದ್ದನ್ನೆಲ್ಲ ತೆಗೆಸಿ ವಿದೇಶದಿಂದ ಅದೇ ಕಾಲದ ಸಾಮಾನು ತರಿಸಿ ಹಾಕುತ್ತಾರೆ.

“ತೆಗೆದದ್ದನ್ನ ಏನ್ ಮಾಡ್ತೀರಿ?” ಮಾವ ಕೇಳಿದ.

“ಅದೇನು ಮಾಡೋದಿದೆ? ಬಿಸಾಕೋದು.”

ನಾನು ಕೈಯಲ್ಲಿದ್ದ ಮಿರ್ಚಿಯನ್ನು ತಟ್ಟೆಗೆ ಇಟ್ಟೆ. ಗೌರಮ್ಮತ್ತಿ ಬಾಗಿಲಿಗೆ ಬಂದು ನಿಂತಳು. ಮಾವ ಬಾಗಿಲು ತೋರಿಸುತ್ತಾನೆಂದು ನಾನು ಎಣಿಸಿದ್ದೆ. ಆತ ಎದ್ದು ಹೊಲಿಗೆ ಮೆಷಿನ್ನಿನ ಡ್ರಾ ತೆಗೆದು ಸ್ಕ್ರೂಡ್ರೈವರ್ ತಂದ.

“ಬಿಸಾಕೋದನ್ನ ಅಷ್ಟು ದೂರ ಯಾಕ ಹೊತ್ಕೊಂಡು ಹೋಗ್ತೀರಿ? ಇಲ್ಲೇ ಬಿಚ್ಚಿ ಕೊಡ್ತೀನಿ ತಗೋರಿ.”

ಡಾಕ್ಟರ ಕಣ್ಣೆದುರೇ ಒಂದೊಂದಾಗಿ ಬಿಚ್ಚಿದ. ಖಾಜಾಸಾಬನ ಸುರುಳಿ, ಅಪ್ಪನ ರೇಡಿಯೋದ ಗುಂಡಿ, ಎಮ್ಮೆ ಕೋಡು, ಕುದಿಸಿ ಕುದಿಸಿ ಬಿಳಿಚಿದ ನಾಲ್ಕು ತಂತಿ. ಎಲ್ಲವನ್ನೂ ಅಂಗಿಯ ಜೇಬಿಗೆ ಹಾಕಿ, ಅಂಗಿಯನ್ನು ಮಡಚಿ ತನ್ನ ಕಂಕುಳಲ್ಲಿ ಇಟ್ಟುಕೊಂಡ. ಬರೀ ಮೈಯ ದೊಡ್ಡಾಕಿಯನ್ನು ಡಾಕ್ಟರ ಕೈಗೆ ಕೊಟ್ಟ. ದುಡ್ಡು ಮುಟ್ಟಲಿಲ್ಲ. ಗೌರಮ್ಮತ್ತಿ ಮಾತ್ರ ಹೊರಟ ಡಾಕ್ಟರನ್ನು ತಡೆದು, ತನ್ನ ಸೊಂಟನೋವು ಹೇಳಿಕೊಂಡು ಒಂದು ಮುಲಾಮು ಬರೆಸಿಕೊಂಡಳು.

ಕಾರು ಹೋದ ಮೇಲೆ ನಾನು ಸಮಾಧಾನ ಹೇಳಲು ಬಾಯಿ ತೆರೆದೆ. ಮಾವ ಆಗಲೇ ಬಡಿಗೇರ ಅಂಗಡಿಯ ದಾರಿಯಲ್ಲಿದ್ದ.

ಕೆಡವಿದ ಮನೆಯೊಂದರ ಸಾಗುವಾನಿ ಬಾಗಿಲು ಬಡಿಗೇರ ಹತ್ತಿರ ಬಿದ್ದಿತ್ತು, ಒಣಗಿ ಒಣಗಿ ಗಣಗಣ ಅನ್ನುವಂಥದು. ಅದರಲ್ಲೊಂದು ಮೈ ಕೊರೆಸಿದ. ಇಷ್ಟು ವರ್ಷ ಮೈಗಾಗಿ ಕಾದಿದ್ದ ಸಣ್ಣಾಕಿಯ ಕುತ್ತಿಗೆಯನ್ನು ಅದಕ್ಕೆ ಕೂಡಿಸಿದ. ಜೇಬಿನಲ್ಲಿದ್ದುದೆಲ್ಲ ಅದರೊಳಕ್ಕೆ ಹೋಯಿತು. ಅಗುಳಿ ಹಾಕುತ್ತಿದ್ದ ತೂತು ಹಾಗೇ ಉಳಿದಿತ್ತು, ಮಾವ ಅದರೊಳಗಿಂದ ಹೆಗಲಿಗೆ ಹಾಕುವ ಪಟ್ಟಿ ಪೋಣಿಸಿದ. ಎತ್ತಲು ಇಬ್ಬರು ಬೇಕಾಗುವಷ್ಟು ಭಾರ. ಒಂದು ಮಧ್ಯಾಹ್ನ ಸ್ಪೀಕರಿಗೆ ಜೋಡಿಸಿ ಮೊದಲ ತಂತಿ ಮೀಟಿದ. ಗೂಡಿನಲ್ಲಿದ್ದ ಲೋಟಗಳು ನಡುಗಿದವು. ಅದೇ ದನಿ! ಖಾಜಾಸಾಬ್ ಕೂತಲ್ಲಿಂದ ಎದ್ದು, “ವಾಹ್, ನನ್ನ ವೈಂಡಿಂಗ್!” ಎಂದ. ಮಾವ ನನ್ನತ್ತ ತಿರುಗಿ, “ಕಟ್ಟಿಗಿ ದಾವಣಗೇರಿಗೆ ಹೋತು, ದನಿ ಕೊಟ್ಟೂರಾಗ ಉಳೀತು. ಬಾರ್ಸು ನೀನು, ಎಡಗೈ ಜೇಬಿನಾಗ ಇಟ್ಕೋ,” ಎಂದ. ಇಟ್ಟುಕೊಂಡೆ. ನಮ್ಮ ಆರ್ಕೆಸ್ಟ್ರಾ ಮುಚ್ಚುವವರೆಗೂ ಅದು ಜೇಬಿನಲ್ಲೇ ಇತ್ತು.

ಇಷ್ಟೆಲ್ಲ ನೆನೆಯುವಷ್ಟರಲ್ಲಿ ಆಸ್ಪತ್ರೆಯಲ್ಲಿ ನನ್ನ ಟೋಕನ್ ಕೂಗಿ, ಮುಂದಿನವರು ಒಳಗೆ ಹೋಗಿ, ಹೊರಗೂ ಬಂದಿದ್ದರು. ನಾನು ತೋರಿಸಿಕೊಳ್ಳದೆಯೇ ಬಸ್ಸು ಹತ್ತಿದೆ, ಕೂಡ್ಲಿಗಿಗೆ ಹೋಗುವ ಬದಲು ಕೊಟ್ಟೂರಿನಲ್ಲೇ ಇಳಿದೆ. ಮಾವನಿಗೆ ಎಪ್ಪತ್ತು ದಾಟಿ ಬಹಳ ದಿನವಾಯಿತು. ಈಗಲೂ ಮೆಷಿನ್ ತುಳಿಯುತ್ತಾನೆ. ವಿಷಯ ಕೇಳಿ ಕಾಲು ನಿಲ್ಲಿಸಿದ.

“ಗಾಜಿನ ಪೆಟ್ಟಿಗ್ಯಾಗ? ತಂತಿ ಹಾಕ್ಯಾರೇನು?”

“ಹಾಕ್ಯಾರ.”

“ಬಿಗಿ ಅದಾವೋ, ಸಡ್ಲ ಅದಾವೋ?”

“ಬಿಗಿ ಇದ್ದಂಗ ಕಂಡ್ವು.”

“ಅಯ್ಯೋ, ಕುತ್ತಿಗಿ ಬಗ್ಗತೈತಲೇ!” ಮಾವ ಎದ್ದೇಬಿಟ್ಟ. “ಎಷ್ಟಕ್ಕೈತಿ ಬಸ್ಸು?”

ಮರುದಿನ ಇಬ್ಬರೂ ಹೋದೆವು. ಡಾಕ್ಟರ ತಲೆಯೂ ಬೆಳ್ಳಗಾಗಿತ್ತು, ಆದರೂ ಮಾವನ ಗುರುತು ಹಿಡಿದರು. ಬೀಗ ತೆಗೆಸಿದರು. ಮಾವ ಗಿಟಾರನ್ನು ಕಣ್ಣಿನ ಮಟ್ಟಕ್ಕೆ ಎತ್ತಿ ಕುತ್ತಿಗೆಯ ಉದ್ದಕ್ಕೂ ಒಂದು ಕಣ್ಣು ಮುಚ್ಚಿ ನೋಡಿ, ಡಾಕ್ಟರ ಕೈಗೆ ಕೊಟ್ಟ. “ಇಷ್ಟು ವರ್ಷ ಬಿಗಿದು ನಿಲ್ಲಿಸೀರಿ. ನೋಡ್ರಿ ನೀವ.”

ಡಾಕ್ಟರು ಎಕ್ಸ್‌ರೇ ನೋಡುವ ಹಾಗೆ ಬೆಳಕಿಗೆ ಹಿಡಿದು ನೋಡಿದರು. “ಹೌದ್ರೀ. ಬಾಗಿದೆ,” ಎಂದರು, ರೋಗಿಗೆ ಕೆಟ್ಟ ಸುದ್ದಿ ಹೇಳುವ ದನಿಯಲ್ಲಿ.

ಮಾವ ಕುರ್ಚಿಯಲ್ಲಿ ಕೂತು ಬಿರಡೆಗಳನ್ನು ಒಂದೊಂದೇ ಸುತ್ತು ಸಡಿಲ ಮಾಡಿ, ನಾಲ್ಕು ತಂತಿಯನ್ನೂ ಕೆಳಗಿನ ಶ್ರುತಿಗೆ ಕೂಡಿಸಿದ. ಅವನ ಬೆರಳು ನೋಡುತ್ತಾ ನಿಂತಿದ್ದ ಡಾಕ್ಟರು ಮೆಲ್ಲಗೆ ಕೇಳಿದರು: “ಇದರ ಸೌಂಡ್ ಹೇಗಿರುತ್ತೆ?”

“ಕೇಳೇ ಇಲ್ಲೇನ್ರಿ?”

“ನನಗೆ ಬಾರಿಸೋಕೆ ಬರಲ್ಲ.”

ಸ್ಪೀಕರಿಲ್ಲದೆ ಬೇಸ್ ಗಿಟಾರಿನ ದನಿ ಹೊರಗೆ ಬರುವುದಿಲ್ಲ. ಅಲ್ಲಿ ಫ್ಯಾನು, ಟೀವಿ, ನರಳುವವರು, ಟೋಕನ್ ಕೂಗುವವರು. ಮಾವ ಸ್ವಲ್ಪ ಯೋಚಿಸಿ, “ಬರ್ರಿ, ಬಗ್ರಿ. ನಿಮ್ಮ ಗದ್ದ ಇಲ್ಲಿ ಇಡ್ರಿ,” ಎಂದು ಮರದ ಮೇಲ್ಭಾಗ ತೋರಿಸಿದ. ಡಾಕ್ಟರು ಬಿಳಿ ಕೋಟಿನಲ್ಲೇ ನೆಲಕ್ಕೆ ಮಂಡಿಯೂರಿ ದವಡೆಯನ್ನು ಕಟ್ಟಿಗೆಗೆ ಆನಿಸಿದರು. ಮಾವ ಮೀಟಿದ.

ನಮಗೇನೂ ಕೇಳಿಸಲಿಲ್ಲ. ಡಾಕ್ಟರ ಕಣ್ಣು ಮಾತ್ರ ದೊಡ್ಡವಾದವು. “ಎಲುಬಿನಲ್ಲಿ ಕೇಳ್ತಿದೆ!” ಎಂದರು. ಆಮೇಲೆ ಮಾವನೂ ಬಗ್ಗಿ ತನ್ನ ಗದ್ದವನ್ನು ಇನ್ನೊಂದು ಕಡೆಗೆ ಇಟ್ಟ. ನುಡಿಸುತ್ತಾ ನುಡಿಸುತ್ತಾ, “ದನಿ ಎಲ್ಲಾ ಕೊಟ್ಟೂರಿಗೆ ತಗೊಂಡು ಹೋಗೀನಿ ಅನ್ಕೊಂಡಿದ್ದೆ. ಇಲ್ಲೂ ಒಂದಿಷ್ಟು ಉಳದೈತಿ ನೋಡು, ಮಾಸ್ತರ,” ಎಂದ.

ನಾನೂ ಬಗ್ಗಲು ಹೋದೆ, ಮೊಣಕಾಲು ಬಿಡಲಿಲ್ಲ. ಅಷ್ಟರಲ್ಲಿ ಕಾಲಿಗೆ ಪಟ್ಟಿ ಹಾಕಿಸಿಕೊಂಡ ಹರಪನಹಳ್ಳಿ ಕಡೆಯ ಅಜ್ಜನೊಬ್ಬ ಕೋಲೂರಿಕೊಂಡು ಬಂದು ನನ್ನ ಹಿಂದೆ ನಿಂತು, ಬಹಳ ಮರ್ಯಾದೆಯಿಂದ ಕೇಳಿದ:

“ಇದು ಹೊಸಾ ಟ್ರೀಟ್‌ಮೆಂಟ್ ಏನ್ರಿ? ಟೋಕನ್ ಬ್ಯಾರೇನಾ?”